ದೊಮ್ಮಲೂರಿನ ಕೃತ್ತಿಕೆ

ಫೆಬ್ರವರಿ 9, ಭಾನುವಾರ

ಇವತ್ತು ತುಂಬಿದ ಸಭೆಯಲ್ಲಿ ನನ್ನನ್ನು ಕಳ್ಳಿ ಎಂದರು. ಆ ಪದ ಬಳಸಲಿಲ್ಲ, ಅರ್ಥ ಮಾತ್ರ ಅದೇ.

ಇಂದಿರಾನಗರದಲ್ಲಿ ನಮ್ಮ ನಕ್ಷತ್ರ ವೀಕ್ಷಕರ ಸಂಘದ ತಿಂಗಳ ಸಭೆ ಇತ್ತು. ಮಾರ್ಚ್ ಕೊನೆಯ ಪ್ರದರ್ಶನಕ್ಕೆ ಯಾರ ಯಾರ ಫೋಟೋ ಇಡುವುದು ಎಂದು ಪರದೆಯ ಮೇಲೆ ಒಂದೊಂದಾಗಿ ತೋರಿಸುತ್ತಿದ್ದರು. ನಾನು ಡಿಸೆಂಬರಿನಲ್ಲಿ ದೊಮ್ಮಲೂರಿನ ನಮ್ಮ ಮನೆ ತಾರಸಿಯಿಂದ ತೆಗೆದ ಕೃತ್ತಿಕೆಯನ್ನು ತೋರಿಸಿದೆ. ನೀಲಿ ನಕ್ಷತ್ರಗಳ ಗೊಂಚಲು, ಅದರ ಸುತ್ತ ಹಾಲು ಚೆಲ್ಲಿದಂಥ ಮಂಜು, ಹಿಂದೆ ಲೆಕ್ಕವಿಲ್ಲದಷ್ಟು ಸಣ್ಣ ಚುಕ್ಕಿಗಳು. ಆಮೇಲೆ ಅಧ್ಯಕ್ಷ ಶ್ರೀನಾಥ್ ಕನ್ನಡಕ ಏರಿಸಿಕೊಂಡು ಎದ್ದರು.

"ಮೇಡಂ, ತಪ್ಪು ತಿಳ್ಕೋಬೇಡಿ. ಇದು ದೊಮ್ಮಲೂರಿಂದ ತೆಗ್ದಿರೋದಲ್ಲ. ಫ್ಲೈಓವರ್ ಪಕ್ಕ ನಿಂತ್ಕೊಂಡು ಈ ಮಂಜು ಹಿಡಿಯೋಕೆ ಚಾನ್ಸೇ ಇಲ್ಲ. ನೀವೇ ತೆಗ್ದಿದ್ರೆ ಮೂಲ ಫೈಲ್‌ಗಳನ್ನ ಕಳ್ಸಿ, ನೋಡೋಣ."

ತಪ್ಪು ತಿಳ್ಕೋಬೇಡಿ ಎಂದು ಶುರುವಾದ ಮಾತು ಎಂದಾದರೂ ಒಳ್ಳೆಯದರಲ್ಲಿ ಮುಗಿದದ್ದುಂಟೇ?

ಮೂಲ ಫೈಲ್‌ಗಳು ಇಲ್ಲ. ಅದು ನನ್ನದೇ ದಡ್ಡತನ. ಊರಿನ ಬೆಳಕಿನಲ್ಲಿ ಒಂದು ಫೋಟೋ ತೆಗೆದರೆ ಬೂದಿ ಬಣ್ಣದ ಆಕಾಶ ಬಿಟ್ಟು ಏನೂ ಸಿಗುವುದಿಲ್ಲ. ಒಂದೊಂದು ನಿಮಿಷದ ನೂರಾರು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿ ಒಂದು ಚಿತ್ರ ಮಾಡಬೇಕು. ಚಿತ್ರ ಆದ ಮೇಲೆ ಆ ನೂರಾರು ಫೈಲ್‌ಗಳು ಲ್ಯಾಪ್‌ಟಾಪ್ ತುಂಬ ಕೂತಿದ್ದವು. ಹೊಸ ವರ್ಷದ ದಿನ ಮನೆ ಗುಡಿಸುವ ಹುರುಪಿನಲ್ಲಿ ಅವನ್ನೂ ಗುಡಿಸಿಬಿಟ್ಟೆ. ಹಲಸೂರಿನ ನರ್ಸಿಂಗ್ ಹೋಮಿನಲ್ಲಿ ಅರ್ಧ ಆಯುಸ್ಸು ಎಕ್ಸ್‌ರೇ ತೆಗೆದವಳು ನಾನು. ಅಲ್ಲಿ ಒಂದು ಮೂಲ ಚಿತ್ರ ಅಳಿಸಿದರೂ ಕೆಲಸ ಹೋಗುತ್ತದೆ. ಮನೆಗೆ ಬಂದರೆ ಬುದ್ಧಿ ಚಪ್ಪಲಿಯ ಜೊತೆ ಹೊರಗೇ ಉಳಿಯುತ್ತದೆ.

ಅಳಿಸಿಬಿಟ್ಟೆ ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ನಗಲಿ. ಮತ್ತೆ ತೆಗೆಯುತ್ತೇನೆ. ಅದೇ ತಾರಸಿ, ಅದೇ ದೂರದರ್ಶಕ, ಅದೇ ಕೃತ್ತಿಕೆ. ದಿನ ಕಳೆದಂತೆ ಅದು ಪಶ್ಚಿಮಕ್ಕೆ ಜಾರುತ್ತಿದೆ, ಮಾರ್ಚ್ ಮುಗಿದರೆ ಎಂ.ಜಿ. ರಸ್ತೆಯ ಬೆಳಕಿನಲ್ಲಿ ಮುಳುಗಿ ಹೋಗುತ್ತದೆ. ಅಷ್ಟರೊಳಗೆ ಒಂದೊಂದು ಫೈಲನ್ನೂ ಆ ಮನುಷ್ಯನ ಮೂಗಿನ ಮುಂದೆ ಹಿಡಿಯದಿದ್ದರೆ ನನ್ನ ಹೆಸರು ಯಮುನಾ ಅಲ್ಲ.

ಫೆಬ್ರವರಿ 12, ಬುಧವಾರ

ಹುಣ್ಣಿಮೆ. ಚಂದ್ರ ಇಡೀ ಆಕಾಶಕ್ಕೆ ಸುಣ್ಣ ಬಳಿದಿದ್ದಾನೆ. ಕಾಯಬೇಕು. ನನಗೆ ಬಾರದ ಕೆಲಸ ಅದೊಂದೇ.

ಸಂಘದ ವಾಟ್ಸಾಪಿನಲ್ಲಿ ಒಬ್ಬರು, ಇಂಟರ್ನೆಟ್ಟಿನಿಂದ ಕದ್ದ ಫೋಟೋ ಪತ್ತೆ ಮಾಡುವುದು ಹೇಗೆ ಎಂಬ ಲೇಖನ ಹಾಕಿದ್ದಾರೆ. ಯಾರ ಹೆಸರೂ ಇಲ್ಲ. ಕೆಳಗೆ ಹೆಬ್ಬೆರಳುಗಳ ಸಾಲು. ಒತ್ತಿದವರ ಹೆಸರುಗಳನ್ನೆಲ್ಲ ಕೂತು ಓದಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ನೋಡೋಣ, ಆನೆಯನ್ನೇ ತರುತ್ತೇನೆ.

ಫೆಬ್ರವರಿ 16, ಭಾನುವಾರ

ಸಂಜೆಗೆ ಚಂದ್ರನಿಲ್ಲ. ಕತ್ತಲಾಗುತ್ತಿದ್ದಂತೆ ದೂರದರ್ಶಕವನ್ನು ಹೊತ್ತು ತಾರಸಿಗೆ ಹೋದರೆ ಅಲ್ಲಿ ಮದುವೆ ಮನೆಯ ಬೆಳಕು. ಡಿಸೆಂಬರಿನಲ್ಲಿ ಪಕ್ಕದ ಸೈಟು ಖಾಲಿ ಇತ್ತು. ಸಂಕ್ರಾಂತಿ ಕಳೆದ ಮೇಲೆ ಅಲ್ಲಿ ಕಂಬಗಳೆದ್ದಿವೆ, ಕಬ್ಬಿಣ ಬಂದು ಬಿದ್ದಿದೆ, ಕಾವಲಿಗೆಂದು ತಗಡಿನ ಶೆಡ್ಡಿನಲ್ಲಿ ಒಂದು ಸಂಸಾರ ಬಂದಿದೆ. ಕಂಬದ ತುದಿಯಲ್ಲಿ ಒಂದು ಫೋಕಸ್ ಲೈಟು. ಅದು ಕಬ್ಬಿಣ ಬಿಟ್ಟು ನನ್ನ ತಾರಸಿಯನ್ನು ಕಾಯುತ್ತಿದೆ.

ಇಳಿದು ಹೋಗಿ ಆ ವಾಚ್‌ಮನ್ ಹೆಂಗಸಿಗೆ ಲೈಟು ಆರಿಸಲು ಹೇಳಿದೆ. ಒಲೆ ಊದುತ್ತಿದ್ದವಳು ತಲೆ ಎತ್ತಿ, "ಆರಿಸಾಕ ಬರಂಗಿಲ್ರೀ ಅಕ್ಕಾರ. ಕಬ್ಬಣ ಕಳುವಾದ್ರ ನಮ್ಮ ಮ್ಯಾಲೇ ಹಾಕ್ತಾರ" ಎಂದಳು. ನನಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ಪೊಲೀಸು, ಕಾರ್ಪೊರೇಷನ್ನು ಎಂದು ಬಾಯಿಗೆ ಬಂದದ್ದೆಲ್ಲ ಹೇಳಿದೆ. ಕೆಳಗಿನ ಮನೆಯಿಂದ ನಮ್ಮ ಮನೆ ಒಡತಿ ಚಿಕ್ಕಮುನಿಯಮ್ಮನವರು ಹೊರಗೆ ಬಂದು, ಸಂಜೆ ಹೊತ್ತು ದೀಪ ಆರಿಸು ಅನ್ನಬಾರದು ಎಂದು ನನಗೇ ಬುದ್ಧಿ ಹೇಳಿದರು.

ತೆಗೆದದ್ದೆಲ್ಲ ಬೆಳ್ಳಗೆ ಬಂದಿದೆ. ಅನ್ನ ಮಾಡಲಿಲ್ಲ.

ಫೆಬ್ರವರಿ 18, ಮಂಗಳವಾರ

ಬೆಳಕು. ಬೆಳಕು. ಬೆಳಕು.

ಫೆಬ್ರವರಿ 20, ಗುರುವಾರ

ಕೆಲಸದಿಂದ ಬರುವಾಗ ಪಕ್ಕದ ಸೈಟಿನ ಮುಂದೆ ಗುಂಪು ಸೇರಿತ್ತು. ನೀರಿನ ಮೋಟಾರಿನ ವೈರು ಕಾಣೆಯಾಗಿದೆಯಂತೆ. ಮೇಸ್ತ್ರಿ ಆ ಹೆಂಗಸನ್ನು ಬೀದಿಯಲ್ಲಿ ನಿಲ್ಲಿಸಿಕೊಂಡು ಕೂಗಾಡುತ್ತಿದ್ದ. ಅವಳು ನಾವು ತಗೊಂಡಿಲ್ರೀ ಎಂದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ನಿಂತವರಲ್ಲಿ ಒಬ್ಬ ನಕ್ಕ.

ನನಗೆ ಯಾಕೆ ಅಷ್ಟು ಉರಿದುಹೋಯಿತೋ ಗೊತ್ತಿಲ್ಲ. ಅವಳ ಮೇಲೆ ನನಗೇನು ಪ್ರೀತಿಯೇ? ಗುಂಪಿನೊಳಗೆ ನುಗ್ಗಿ ಮೇಸ್ತ್ರಿಯನ್ನು ಕೇಳಿದೆ: "ಅವ್ರು ತಗೊಂಡಿದ್ದು ನೀವು ನೋಡಿದ್ರಾ? ನೋಡಿಲ್ಲ ಅಂದ್ಮೇಲೆ ಬಾಯಿ ಮುಚ್ಕೊಂಡಿರಿ."

ವೈರು ಆಮೇಲೆ ಪ್ಲಂಬರನ ಸ್ಕೂಟರಿನ ಡಿಕ್ಕಿಯಲ್ಲಿ ಸಿಕ್ಕಿತಂತೆ. ಮೇಸ್ತ್ರಿ ಯಾರ ಬಳಿಯೂ ತಪ್ಪಾಯಿತು ಎನ್ನಲಿಲ್ಲ. ಅನ್ನುವ ಜಾತಿಯವನಲ್ಲ.

ಬೆಳಕು ಹಾಗೇ ಇದೆ.

ಫೆಬ್ರವರಿ 22, ಶನಿವಾರ

ಅವಳ ಹೆಸರು ಸಾಬಮ್ಮ. ಯಾದಗಿರಿ ಕಡೆಯವಳು. ಗಂಡ ಭೀಮು ಹಗಲು ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾನೆ, ರಾತ್ರಿ ಕಾವಲು. ನಿನ್ನೆ ಸಂಜೆ ತಾನಾಗಿಯೇ ಮೇಲೆ ಬಂದು, ಲೈಟು ನಿಮಗೆ ಎಲ್ಲಿ ಚುಚ್ಚುತ್ತದೆ ತೋರಿಸಿ ಎಂದಳು. ತೋರಿಸಿದೆ. ಆರಿಸುವುದು ಆಗದು, ಮರೆ ಕಟ್ಟುವುದಾದರೆ ಆದೀತು, ಬೆಳಕು ಕಬ್ಬಿಣದ ಮೇಲೆ ಬಿದ್ದರೆ ಸಾಕು ಎಂದಳು.

ಇವತ್ತು ನರ್ಸಿಂಗ್ ಹೋಮಿನ ಮೂಲೆಯಲ್ಲಿದ್ದ ಹಾಳು ಎಕ್ಸ್‌ರೇ ಫಿಲಂಗಳಿಂದ ಯಾರ ಗುರುತೂ ಇಲ್ಲದ ಪೂರ್ತಿ ಕಪ್ಪಾದವನ್ನು ಆರಿಸಿ, ಡಾಕ್ಟರನ್ನು ಕೇಳಿಯೇ ತಂದೆ. ಗ್ರಹಣ ನೋಡಲು ಫಿಲಂ ಕೊಡಿ ಎಂದು ಬರುವವರಿಗೆ ಕಣ್ಣು ಹೋಗುತ್ತದೆ ಎಂದು ಬೈದು ಅಟ್ಟುವವಳು ನಾನು. ಭೀಮು ಅವನ್ನು ತಗಡಿನ ಚೂರುಗಳಿಗೆ ಕಟ್ಟಿ, ಕಂಬ ಹತ್ತಿ, ಲೈಟಿಗೆ ಮುಸುಕು ಹಾಕಿದ. ಈಗ ಕಬ್ಬಿಣದ ಮೇಲೆ ಹಗಲು, ನನ್ನ ತಾರಸಿಯ ಮೇಲೆ ಕತ್ತಲು. ಪೂರ್ತಿ ಅಲ್ಲ, ಎಡಗಡೆ ಸ್ವಲ್ಪ ಸೋರುತ್ತದೆ. ಸೋರಲಿ.

ಫೆಬ್ರವರಿ 24, ಸೋಮವಾರ

ಮೊದಲ ಒಳ್ಳೆಯ ಸಂಜೆ. ಕ್ಯಾಮೆರಾ ತನ್ನಷ್ಟಕ್ಕೆ ಕ್ಲಿಕ್ ಎನ್ನುತ್ತಿತ್ತು. ಹಳೆ ಏರ್‌ಪೋರ್ಟಿನ ಕಡೆಯಿಂದ ಒಂದು ವಿಮಾನ ಕೃತ್ತಿಕೆಯ ಮೇಲೇ ಗೀರು ಎಳೆದುಕೊಂಡು ಹೋಯಿತು. ನೋಡಲೆಂದು ತಾರಸಿಗೆ ಬಂದಿದ್ದ ಸಾಬಮ್ಮ ಪಾಪ ಹಾಳಾಯಿತಲ್ಲ ಎಂದಳು. ಇಲ್ಲ, ಅದಕ್ಕೇ ಇಷ್ಟೊಂದು ತೆಗೆಯುವುದು ಎಂದು ವಿವರಿಸಿದೆ. ಪ್ರತಿ ಫೋಟೋದಲ್ಲೂ ಅದೇ ಜಾಗದಲ್ಲಿ ನಿಂತಿರುವುದು ನಕ್ಷತ್ರ. ಒಂದರಲ್ಲಿ ಕಂಡು ಇನ್ನೊಂದರಲ್ಲಿ ಮಾಯವಾಗುವುದು ಸುಳ್ಳು. ಪೇರಿಸಿದಾಗ ನಿಜ ಗಟ್ಟಿಯಾಗುತ್ತದೆ, ಸುಳ್ಳು ತೆಳ್ಳಗಾಗುತ್ತದೆ.

ಮಂಡಿನೋವು ಎಂದು ಮಹಡಿ ಹತ್ತದ ಚಿಕ್ಕಮುನಿಯಮ್ಮನವರೂ ಗೋಡೆ ಹಿಡಿದು ಬಂದರು. ಇಲ್ಲೆಲ್ಲ ರಾಗಿ ಹೊಲವಿದ್ದ ಕಾಲದವರು ಅವರು. "ಕೃತ್ತಿಕೆ ಮಳೆ ಗೊತ್ತು ಕಣವ್ವ, ಅದು ಹುಯ್ದ್ರೆ ಉಳೋಕ್ ಹೋಗೋರು ನಮ್ಮಪ್ಪ. ಈ ಚುಕ್ಕಿ ಗುಂಪೇ ಕೃತ್ತಿಕೆ ಅಂತ ಈಗ ಗೊತ್ತಾಯ್ತು" ಎಂದರು. ಆಮೇಲೆ ಇಬ್ಬರೂ ಸೇರಿ ಇಂದಿರಾನಗರದ ಸೊಪ್ಪಿನ ಬೆಲೆಯ ಬಗ್ಗೆ ಮಾತಾಡುತ್ತಾ ಕೂತರು. ಒಬ್ಬಳೇ ಇದ್ದರೆ ಕೆಲಸ ಬೇಗ ಆಗುತ್ತಿತ್ತು.

ಸಾಬಮ್ಮ ತಂದ ಜೋಳದ ರೊಟ್ಟಿ ತಿಂದೆ. ಪುಂಡಿ ಪಲ್ಯ ತುಂಬ ಹುಳಿ.

ಫೆಬ್ರವರಿ 26, ಬುಧವಾರ

ಶಿವರಾತ್ರಿ. ಬೀದಿಗೆಲ್ಲ ದೀಪದ ಸರ, ಮೈಕು. ದೂರದರ್ಶಕಕ್ಕೆ ರಜೆ. ಮೂವರೂ ದೇವಸ್ಥಾನಕ್ಕೆ ಹೋಗಿಬಂದೆವು.

ಮಾರ್ಚ್ 2, ಭಾನುವಾರ

ಎರಡು ಸಂಜೆ ಮೋಡ, ಉಳಿದ ಸಂಜೆಗಳು ನನ್ನವು, ಸಾಬಮ್ಮ ದಿನವೂ ಪಕ್ಕದಲ್ಲಿ. ಬೆಳಿಗ್ಗೆ ದೂರದರ್ಶಕದ ಬಾಯಿಗೆ ಬಿಳಿ ಪಂಚೆ ಬಿಗಿದು, ಬೆಳಗಿನ ಆಕಾಶದ ಫೋಟೋಗಳನ್ನೂ ತೆಗೆದೆ. ಮಸೂರದ ಮೇಲಿನ ಧೂಳಿನ ಕಲೆಗಳು ಎಲ್ಲಿವೆ ಎಂದು ಅದರಿಂದ ತಿಳಿಯುತ್ತದೆ, ಆಮೇಲೆ ಚಿತ್ರದಿಂದ ಕಳೆಯಬಹುದು. ಮಧ್ಯಾಹ್ನವೆಲ್ಲ ಪೇರಿಸಿದೆ. ಬಂತು. ಮಂಜು ಬಂತು! ಡಿಸೆಂಬರಿನಷ್ಟು ಧಾರಾಳವಾಗಿ ಅಲ್ಲ, ತರಿತರಿಯಾಗಿದೆ, ಎಡಗಡೆ ಹಳದಿ ಬೆಳಕು ಬಳಿದುಕೊಂಡಿದೆ. ಆದರೆ ಬಂತು.

ಎಲ್ಲ ಮೂಲ ಫೈಲ್‌ಗಳನ್ನೂ, ವಿಮಾನ ಗೀರಿದ್ದನ್ನೂ ಬಿಡದೆ, ಶ್ರೀನಾಥ್ ಅವರಿಗೆ ಕಳಿಸಿದೆ. ಜೊತೆಗೆ ಒಂದೇ ಸಾಲು ಬರೆದೆ: ತಪ್ಪು ತಿಳ್ಕೋಬೇಡಿ.

ಮಾರ್ಚ್ 4, ಮಂಗಳವಾರ

ಗೆದ್ದೆ.

ಫೈಲ್‌ಗಳನ್ನೆಲ್ಲ ಪರೀಕ್ಷಿಸಿದೆ, ದೊಮ್ಮಲೂರಿನಿಂದಲೇ ತೆಗೆದದ್ದು, ಯಮುನಾ ಮೇಡಂ ಅವರ ಕ್ಷಮೆ ಕೇಳುತ್ತೇನೆ ಎಂದು ಶ್ರೀನಾಥ್ ಗುಂಪಿನಲ್ಲಿ ಬರೆದರು. ಅಷ್ಟರಮಟ್ಟಿಗೆ ಮನುಷ್ಯ ನೆಟ್ಟಗಿದ್ದಾರೆ. ಸಂಜೆಗೆ ಪ್ರದರ್ಶನದ ಆಮಂತ್ರಣವೂ ಬಂತು. ಅದರ ತುಂಬ ನನ್ನ ಡಿಸೆಂಬರಿನ ಕೃತ್ತಿಕೆ. ಹಳೆಯ ಹೆಬ್ಬೆರಳುಗಳೆಲ್ಲ ಈಗ ನನ್ನ ಕಡೆ.

ಬೀಗಿದೆ. ಯಾರಿಗೇನು ಮುಚ್ಚುಮರೆ, ಚೆನ್ನಾಗಿ ಬೀಗಿದೆ.

ಮಾರ್ಚ್ 5, ಬುಧವಾರ

ಈ ಪುಟವನ್ನು ಬರೆಯದೆ ಬಿಡಬಹುದಿತ್ತು.

ಚಂದ್ರ ಕೃತ್ತಿಕೆಯ ಪಕ್ಕಕ್ಕೇ ಬಂದಿದ್ದಾನೆ, ಫೋಟೋ ಇಲ್ಲ. ಸುಮ್ಮನೆ ಖುಷಿಗೆಂದು ಹೊಸ ಚಿತ್ರವನ್ನು ಹಳೆಯದರ ಮೇಲಿಟ್ಟು ಹೋಲಿಸುತ್ತಾ ಕೂತೆ. ಬಲಗಡೆ ಕೆಳಗಿನ ಕತ್ತಲ ಜಾಗದಲ್ಲಿ ಡಿಸೆಂಬರಿನ ಚಿತ್ರದಲ್ಲಿ ನಾಲ್ಕು ಪುಟ್ಟ ನಕ್ಷತ್ರಗಳಿವೆ, ಒಳ್ಳೇ ದುಂಡಗೆ. ಹೊಸದರಲ್ಲಿ ಇಲ್ಲ. ಬೆಳಕು ಸೋರಿದ್ದರಿಂದ ಅಳಿಸಿಹೋಗಿರಬೇಕು ಎಂದುಕೊಂಡೆ. ಆದರೆ ಅಲ್ಲೇ ಪಕ್ಕದಲ್ಲಿ ಅವಕ್ಕಿಂತ ಮಂಕಾದ ಚುಕ್ಕಿಗಳು ಎರಡು ಚಿತ್ರದಲ್ಲೂ ನಿಂತಿವೆ. ನಕ್ಷತ್ರಪಟ ತೆರೆದೆ. ಪ್ರಪಂಚದ ದೊಡ್ಡ ದೊಡ್ಡ ದೂರದರ್ಶಕಗಳಿಗೂ ಆ ನಾಲ್ಕು ಜಾಗಗಳಲ್ಲಿ ಅಂಥ ನಕ್ಷತ್ರ ಕಂಡಿಲ್ಲ.

ಗೊತ್ತಾಯಿತು. ಡಿಸೆಂಬರಿನಲ್ಲಿ ಚಿತ್ರ ತರಿತರಿಯಾಗಿದೆ ಎಂದು, ಅದನ್ನು ನುಣುಪು ಮಾಡುವ ಹೊಸ ತಂತ್ರಾಂಶವೊಂದರ ಗುಂಡಿ ಒತ್ತಿದ್ದೆ. ಅದು ತರಿಯನ್ನು ಒರೆಸಿತು. ಒರೆಸುವಾಗ ಗಂಟುಕಟ್ಟಿದ್ದ ನಾಲ್ಕು ತರಿಗಳನ್ನು ನಕ್ಷತ್ರ ಎಂದುಕೊಂಡು ದುಂಡಗೆ ತಿದ್ದಿಕೊಟ್ಟಿತು. ನಾನು ಚಂದ ಕಂಡಿತೆಂದು ನೋಡಲೇ ಇಲ್ಲ.

ಶ್ರೀನಾಥ್ ಹೇಳಿದ ಕಾರಣ ತಪ್ಪು. ಚಿತ್ರದಲ್ಲಿ ಸುಳ್ಳಿರುವುದು ನಿಜ.

ಮಾರ್ಚ್ 6, ಗುರುವಾರ

ಇಡೀ ದಿನ ಒಬ್ಬರಾದ ಮೇಲೊಬ್ಬರ ಎದೆ, ಸೊಂಟ, ಮೊಣಕಾಲಿನ ಎಕ್ಸ್‌ರೇ. ಡಾಕ್ಟರು ಪ್ರತಿ ಚಿತ್ರವನ್ನೂ ಬೆಳಕಿಗೆ ಹಿಡಿದು, ಕಂಡದ್ದನ್ನು ನಂಬಿ ಔಷಧಿ ಬರೆದರು. ಯಾರೂ ನನ್ನನ್ನು ಇದು ನಿಜವೇ ಎಂದು ಕೇಳಲಿಲ್ಲ. ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ.

ಮಾರ್ಚ್ 9, ಭಾನುವಾರ

ಜೀವನ್ ಬಿಮಾ ನಗರದಲ್ಲಿರುವ ಶ್ರೀನಾಥ್ ಮನೆಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದೆ. ಒಳ್ಳೆಯ ಕಾಫಿ ಕೊಟ್ಟರು. ಎರಡು ಚಿತ್ರಗಳನ್ನೂ ಪಕ್ಕಪಕ್ಕದಲ್ಲಿಟ್ಟು ನಾಲ್ಕು ಚುಕ್ಕಿಗಳನ್ನು ತೋರಿಸಿ, ಡಿಸೆಂಬರಿನದನ್ನು ತೆಗೆದು ಹೊಸದನ್ನು ಇಡಿ ಎಂದೆ. ಅವರು ಬಹಳ ಹೊತ್ತು ನೋಡಿದರು. ಆ ತಂತ್ರಾಂಶಗಳು ಹಾಗೇ ಮಾಡುತ್ತವೆ ಎಂದು ಒಪ್ಪಿದರು. ಆಮೇಲೆ ನಕ್ಕುಬಿಟ್ಟರು.

"ಬಿಡಿ ಮೇಡಂ, ನಾಲ್ಕ್ ಚುಕ್ಕಿ. ನೋಡೋಕ್ ಬರೋರಿಗೆ ಏನ್ ಗೊತ್ತಾಗತ್ತೆ? ಇನ್ವಿಟೇಷನ್‌ನಲ್ಲೂ ಅದೇ ಹೋಗಿದೆ. ಅದನ್ನೇ ಹಾಕೋಣ, ಚೆನ್ನಾಗಿದೆ."

ನನ್ನನ್ನು ಕಳ್ಳಿ ಮಾಡಿದ ಮನುಷ್ಯ ಈಗ ಕಳ್ಳತನಕ್ಕೆ ಕಾಫಿ ಕೊಟ್ಟು ಕರೆಯುತ್ತಿದ್ದರು. "ಸರ್, ನಾಳೆ ಬೆಳಿಗ್ಗೆ ನಾನು ಯಾರದೋ ಎದೆ ಎಕ್ಸ್‌ರೇ ತೆಗೀತೀನಿ" ಎಂದೆ. "ಚೆನ್ನಾಗಿ ಕಾಣ್ಲಿ ಅಂತ ಒಂದು ಪಕ್ಕೆಲುಬು ಜಾಸ್ತಿ ಹಾಕ್ಲಾ?"

ಅವರ ಮುಖ ಬಿಗಿಯಿತು. ಹೊಸ ಚಿತ್ರ ತರಿತರಿಯಾಗಿದೆ, ಒಂದು ಬದಿ ಹಳದಿಯಾಗಿದೆ, ಪ್ರದರ್ಶನದ ಗುಣಮಟ್ಟಕ್ಕಿಲ್ಲ ಎಂದರು. ಇಟ್ಟರೆ ಡಿಸೆಂಬರಿನದು, ಇಲ್ಲದಿದ್ದರೆ ಈ ವರ್ಷ ನನ್ನದು ಯಾವುದೂ ಇಲ್ಲ. ಈಗ ಹೋಗಿ ಸುಳ್ಳಿತ್ತು ಎಂದರೆ ಜನ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡಳು ಅನ್ನುತ್ತಾರೆ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದೂ ಸೇರಿಸಿದರು.

"ಹಾಗಾದ್ರೆ ಯಾವ್ದೂ ಬೇಡ ಸರ್. ಆ ನಾಲ್ಕು ನನ್ನವಲ್ಲ. ಉಳಿದಿದ್ದೆಲ್ಲ ನನ್ನವೇ, ದೊಮ್ಮಲೂರಿಂದ್ಲೇ."

ಕಾಫಿ ಪೂರ್ತಿ ಕುಡಿದೇ ಎದ್ದೆ. ಮನೆಗೆ ಬಂದು ನಾಲ್ಕು ಚುಕ್ಕಿಗಳಿಗೂ ಕೆಂಪು ಸುತ್ತು ಹಾಕಿ ಗುಂಪಿನಲ್ಲಿ ಹಾಕಿದೆ. ಇವು ನಕ್ಷತ್ರಗಳಲ್ಲ, ನೋಡದೆ ತೋರಿಸಿದ್ದು ನನ್ನ ತಪ್ಪು ಎಂದು ಬರೆದೆ.

ಮಾರ್ಚ್ 10, ಸೋಮವಾರ

ಅವರು ಹೇಳಿದಂತೆಯೇ ಆಯಿತು. ಮೊದಲೇ ಗೊತ್ತಿತ್ತು ಎಂದು ಒಬ್ಬರು. ಹೊಸ ಫೈಲ್‌ಗಳನ್ನೂ ಯಾರು ನಂಬುವುದು ಎಂದು ಇನ್ನೊಬ್ಬರು. ಆಮಂತ್ರಣದಲ್ಲಿ ಈಗ ಬೇರೆ ಯಾರದೋ ಚಂದ್ರನಿದ್ದಾನೆ.

ಅತ್ತೆ. ಒಂದು ಲೋಟ ನೀರು ಕುಡಿದು ಮತ್ತೆ ಅತ್ತೆ. ಗುಂಪಿನಿಂದ ಹೊರಗೆ ಬರಲಿಲ್ಲ. ಬೇಕಾದರೆ ಅವರೇ ತೆಗೆಯಲಿ.

ಸಾಬಮ್ಮ ಕೇಳಿದಳು, ಹೇಳಿದೆ. ಇಲ್ಲದ್ದನ್ನ ಇಲ್ಲ ಅಂದದ್ದಕ್ಕ ಸಿಟ್ಟಾ ಅವರಿಗೆ ಎಂದು ಆಶ್ಚರ್ಯಪಟ್ಟಳು.

ಮಾರ್ಚ್ 18, ಮಂಗಳವಾರ

ಶಿವಾಜಿನಗರದ ಪ್ರಿಂಟಿಂಗ್ ಅಂಗಡಿಯಲ್ಲಿ ಹೊಸ ಕೃತ್ತಿಕೆಯನ್ನು ಬಾಗಿಲಿನಷ್ಟು ದೊಡ್ಡದಾಗಿ ಮಾಡಿಸಿದೆ. ಹಳದಿ ಬದಿಯನ್ನು ಕತ್ತರಿಸಿ ಕೊಡಲೇ ಎಂದು ಅಂಗಡಿಯ ಜಹನಾರಾ ಕೇಳಿದಳು. ಬೇಡ, ಇದ್ದ ಹಾಗೇ ಇರಲಿ ಎಂದೆ. ಬಸ್ಸಿನಲ್ಲಿ ಅದನ್ನು ಹಿಡಿದು ನಿಲ್ಲುವಷ್ಟರಲ್ಲಿ ಕಂಡಕ್ಟರನ ಹತ್ತಿರ ಒಂದು ಜಗಳವೂ ಆಯಿತು.

ಮಾರ್ಚ್ 23, ಭಾನುವಾರ

ಇಂದಿರಾನಗರದಲ್ಲಿ ಅವರ ಪ್ರದರ್ಶನ. ದೊಮ್ಮಲೂರಿನಲ್ಲಿ ನನ್ನದು.

ಬೆಳಿಗ್ಗೆಯೇ ಚಿಕ್ಕಮುನಿಯಮ್ಮನವರ ಕಾಂಪೌಂಡ್ ಗೋಡೆಗೆ ಚಿತ್ರವನ್ನು ತೂಗುಹಾಕಿದೆವು. ಭೀಮು ಮೊಳೆ ಹೊಡೆದ, ಚಿಕ್ಕಮುನಿಯಮ್ಮನವರು ಓರೆಯಾಗಿದೆ ಓರೆಯಾಗಿದೆ ಎಂದು ಮೂರು ಸಲ ಕೀಳಿಸಿದರು. ಕೆಳಗೆ ದಪ್ಪ ಅಕ್ಷರದಲ್ಲಿ, ಕೃತ್ತಿಕೆ, ಈ ಮನೆಯ ತಾರಸಿಯಿಂದ ಎಂದು ಬರೆದೆ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಲ್ಯಾಪ್‌ಟಾಪಿನಲ್ಲಿ ಎಲ್ಲ ಮೂಲ ಫೈಲ್‌ಗಳನ್ನೂ ತೆರೆದಿಟ್ಟುಕೊಂಡು ಕೂತೆ. ಕೇಳುವವರು ಬರಲಿ, ಒಂದೊಂದನ್ನೂ ತೋರಿಸುತ್ತೇನೆ ಎಂಬ ಹಟ.

ಇಸ್ತ್ರಿ ಅಂಗಡಿಯವನು ನಿಂತ. ಹಾಲಿಗೆ ಹೋದವರು ನಿಂತರು. ಚರ್ಚಿಗೆ ಹೊರಟ ಒಂದು ಕುಟುಂಬ ಸ್ಕೂಟರ್ ನಿಲ್ಲಿಸಿತು. ಈ ಹೊಗೆಯಂಥದ್ದು ಏನು, ಎಷ್ಟು ದೂರ, ಅಲ್ಲಿ ಮಳೆ ಬರುತ್ತದೆಯೇ ಎಂದೆಲ್ಲ ಕೇಳಿದರು. ಹೇಳಿ ಹೇಳಿ ಗಂಟಲು ಕಟ್ಟಿತು. ಫೈಲ್ ತೋರಿಸಿ ಎಂದು ಯಾರೂ ಕೇಳಲಿಲ್ಲ. ನನಗೆ ಅದರಿಂದ ಸ್ವಲ್ಪ ನಿರಾಸೆಯೇ ಆಯಿತು.

ಹತ್ತು ಗಂಟೆಯ ಹೊತ್ತಿಗೆ ವಾಕಿಂಗ್ ಮುಗಿಸಿ ಬಂದ ಹಿರಿಯರೊಬ್ಬರು ನಿಂತು, ಚಿತ್ರ ನೋಡಿ, ಕೆಳಗಿನ ಅಕ್ಷರ ಓದಿ, ತಲೆ ಎತ್ತಿ ನಮ್ಮ ತಾರಸಿ ನೋಡಿದರು. ಟೆಲಿಸ್ಕೋಪಿನ ಬಗ್ಗೆ ತಿಳಿದವರಂತೆ ಕಂಡರು. ಇಷ್ಟು ಬೆಳಕಿನಲ್ಲಿ ಇದು ಸಾಧ್ಯವೇ ಇಲ್ಲ, ಎಲ್ಲಿಂದಲೋ ತಂದದ್ದು ಎಂದರು. ಬಂತು, ಇದಕ್ಕೇ ಕಾದಿದ್ದೆ. ಲ್ಯಾಪ್‌ಟಾಪ್ ಅವರ ಕಡೆ ತಿರುಗಿಸುತ್ತಿದ್ದೆ.

ಅಷ್ಟರಲ್ಲಿ ಸಾಬಮ್ಮ, ಕೈಯಲ್ಲಿದ್ದ ಸಿಮೆಂಟಿನ ಬಾಂಡ್ಲಿ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಗಿಸಿ ನನ್ನ ಮುಂದೆ ಬಂದು ನಿಂತಳು.

"ಇಲ್ಲಿಂದನ ತಗದಾರ್ರೀ. ದಿನಾ ಸಂಜೀಕ ನಾ ಬಾಜೂಕ ನಿಂತಿದ್ದೆ. ಅಕ್ಕಾರ ಇಲ್ಲದ್ದನ್ನ ಐತಿ ಅನ್ನಾಕಿ ಅಲ್ಲ."

"ನಾನೂ ಇದ್ದೆ ಕಣಪ್ಪ" ಎಂದರು ಚಿಕ್ಕಮುನಿಯಮ್ಮನವರು, ಗೇಟಿನೊಳಗಿಂದ.

ಹಿರಿಯರು ಅವರಿಬ್ಬರನ್ನೂ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಚಿತ್ರದ ಹತ್ತಿರ ಬಾಗಿ, ಹಾಗಾದರೆ ಇದರಲ್ಲಿ ರೋಹಿಣಿ ಎಲ್ಲಿ ಎಂದು ಕೇಳಿದರು. ರೋಹಿಣಿ ಇದರಲ್ಲಿ ಬಂದಿಲ್ಲ, ಇನ್ನೂ ಪೂರ್ವಕ್ಕಿದೆ ಎಂದು ಹೇಳುತ್ತಾ ಎದ್ದು ಹೋಗಿ ಪಕ್ಕದಲ್ಲಿ ನಿಂತೆ. ಲ್ಯಾಪ್‌ಟಾಪ್ ಕುರ್ಚಿಯ ಮೇಲೆ ತನ್ನಷ್ಟಕ್ಕೆ ಆರಿಹೋಗಿತ್ತು. ಮತ್ತೆ ಹಚ್ಚಬೇಕೆಂದು ನೆನಪಾದದ್ದು ಈಗ, ಇದನ್ನು ಬರೆಯುವಾಗ.